ನೆಟ್ ಹೋಗಿರಲಿಲ್ಲ, ಹೋವಿ

ನನ್ನ ಹೋವಿಗೆ,

ಕೈಯಲ್ಲಿ ಫೋನು ಇಟ್ಟುಕೊಂಡು ಈ ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ನನ್ನ ಮುಖ ಎಂಥ ನಾಟಕ ಆಡುತ್ತದೆ ಎಂಬುದನ್ನು ಕಳೆದ ಭಾನುವಾರ ನೀನೇ ನೋಡಿದ್ದೀಯ. ಅದರ ಮೇಲೆ ನನಗೇ ಈಗ ನಂಬಿಕೆ ಇಲ್ಲ. ಇಲ್ಲಿ ಹಾಂಕಾಂಗ್‌ನಲ್ಲಿ ನನ್ನ ಹಾಗೇ ಮನೆಗೆಲಸಕ್ಕಿರುವ ಬೆಲೆನಕ್ಕ ಗುರುವಾರದ ವಿಮಾನಕ್ಕೆ ನಮ್ಮೂರು ಇಲೊಯ್ಲೊಗೆ ಹೊರಟಿದ್ದಾಳೆ. ಅಮ್ಮನ ಕೈಗೂ ಕೊಡಬೇಡ, ಹೋವಿಟಾಗೆ ಮಾತ್ರ ಕೊಡು ಎಂದು ಹೇಳಿ ಇದನ್ನು ಅವಳ ಜೊತೆ ಕಳಿಸುತ್ತಿದ್ದೇನೆ.

ಆರ್ನೆಲ್‌ನ ಮನೆಯವರು ನಿನ್ನನ್ನು ಹೆಣ್ಣು ಕೇಳಲು ಬರುತ್ತಾರೆಂದು ನಾನು ಅಂದು ಬೆಳಿಗ್ಗೆಯೇ ತಯಾರಾಗಿದ್ದೆ. ಇಲ್ಲಿನ ಸೆಂಟ್ರಲ್ ಪೇಟೆಯ ಮೇಲ್ಸೇತುವೆಯ ಕೆಳಗೆ, ರಜೆಯ ಭಾನುವಾರ ನಾವೆಲ್ಲ ಸೇರುವ ಜಾಗದಲ್ಲಿ ರಟ್ಟು ಹಾಸಿಕೊಂಡು, ಬೆಲೆನಕ್ಕನ ಲಿಪ್‌ಸ್ಟಿಕ್ ಹಚ್ಚಿಕೊಂಡು ಕೂತಿದ್ದೆ. “ಮದುವೆ ಯಾರದ್ದೇ, ನಿಂದಾ?” ಎಂದು ಅವಳು ಛೇಡಿಸಿದಳು. ಅವಳು ಯಾವಾಗಲೂ ಆಡುವಂಥ ತಮಾಷೆಯೇ. ಅಂದು ಮಾತ್ರ ಅದು ನನಗೆ ಚುಚ್ಚಿತು.

ಅಪ್ಪ ಇದ್ದಿದ್ದರೆ ಕೂರುತ್ತಿದ್ದ ಜಾಗದಲ್ಲಿ, ಮೇಜಿನ ಮೇಲಿನ ವಿನೆಗರ್ ಬಾಟಲಿಗೆ ಒರಗಿಸಿ ಫೋನಿನೊಳಗಿನ ನನ್ನನ್ನು ಇಟ್ಟಿದ್ದೆ ನೀನು. ಎಲ್ಲರಿಗಿಂತ ಮೊದಲು ಆರ್ನೆಲ್ ಬಂದ. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಳ್ಳಬೇಕಲ್ಲ, ಕೈ ಇಲ್ಲದ್ದಕ್ಕೆ ಫೋನನ್ನೇ ಎತ್ತಿ ಒತ್ತಿಕೊಂಡ. “ಅಕ್ಕಾ, ಹರಸಿ” ಎಂದ. ನನ್ನ ಫೋನಿನ ತುಂಬ ಅವನ ಬೆವರಿದ ಹಣೆ. ಎಲ್ಲರೂ ನಕ್ಕರು. ದೇವರು ಕಾಯಲಿ ಅನ್ನಬೇಕಿತ್ತು ನಾನು. ಎಷ್ಟು ಮಕ್ಕಳಿಗೆ ಅಂದಿಲ್ಲ! ಅಂದು ಬಾಯಿ ಬರಲಿಲ್ಲ.

ಆಮೇಲೆ ಅವನ ಅಪ್ಪ ನನ್ನ ಕಡೆ ಬಾಗಿ ಹೇಳಿದರು: “ಇವಳಪ್ಪ ಇಲ್ಲ. ಮನೆ ನಡೆಸೋಳು ನೀನಮ್ಮ. ನೀನು ಹೂಂ ಅಂದ್ರೆ ಡಿಸೆಂಬರ್‌ನಲ್ಲೇ ಮಾಡಿಬಿಡೋಣ. ಜನವರೀಲಿ ಹುಡುಗ ಹಡಗಿನ ಕೆಲಸಕ್ಕೆ ಹೊರಡ್ಬೇಕು, ಹೋದ್ರೆ ಬರೋದು ವರ್ಷದ ಮೇಲೆ.”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನು ಮೈಕು ಆಫ್ ಮಾಡಿ, ರೆಪ್ಪೆ ಮಿಟುಕಿಸದೆ, ತುಟಿ ಅರ್ಧ ತೆರೆದುಕೊಂಡು ಕೂತುಬಿಟ್ಟೆ. ನೆಟ್ ಸಿಕ್ಕಿಹಾಕಿಕೊಂಡಾಗ ಮುಖ ಹೇಗೆ ನಿಂತುಬಿಡುತ್ತದೋ ಹಾಗೆ. ಹದಿನಾರು ವರ್ಷ ಈ ಫೋನಿನಲ್ಲೇ ಸಂಸಾರ ಮಾಡಿದವಳಿಗೆ ಅದನ್ನು ಯಾರೂ ಕಲಿಸಿಕೊಡಬೇಕಿಲ್ಲ. “ಹಾಂಕಾಂಗ್ ನೆಟ್ಟೂ ನಮ್ಮೂರಿನ ಥರಾನೇ ಆಯ್ತಲ್ಲಪ್ಪ” ಎಂದು ಚಿಕ್ಕಪ್ಪ ನಕ್ಕ. ನೀನು ಬಂದು ಫೋನು ಎತ್ತಿಕೊಂಡೆ. ಹತ್ತಿರದಿಂದ ನೋಡಿದೆ.

ನನ್ನ ಬೆನ್ನ ಹಿಂದೆ ಡಾನ್ಸ್ ಗುಂಪಿನ ಹುಡುಗಿಯರು ಸ್ಪರ್ಧೆಗೆ ತಾಲೀಮು ಮಾಡುತ್ತಿದ್ದರು. ಅದು ನನಗೆ ನೆನಪಾದದ್ದು ನಿನ್ನ ಕಣ್ಣು ನನ್ನ ಹೆಗಲಾಚೆ ಹೋದಾಗ. ಕಲ್ಲಾಗಿ ಕೂತ ಅಕ್ಕ, ಹಿಂದೆ ಹನ್ನೆರಡು ಜನ ಸೊಂಟ ಕುಣಿಸುತ್ತಿದ್ದಾರೆ. ನೀನು ಬೈಯಲಿಲ್ಲ. ನಿನ್ನ ಮುಖವೂ ಬದಲಾಗಲಿಲ್ಲ. “ನೆಟ್ ಹೋಯ್ತಮ್ಮ” ಎಂದು ಅಮ್ಮನಿಗೆ ಹೇಳಿ, ಫೋನನ್ನು ಬೋರಲಾಗಿ ಮೇಜಿನ ಮೇಲಿಟ್ಟೆ.

ಆಗಲಾದರೂ ನಾನು ಮಾತಾಡಬಹುದಿತ್ತು. ಫೋನನ್ನು ಕಿವಿಗೆ ಹಚ್ಚಿ ಕದ್ದು ಕೇಳಿದೆ. ದೊಡ್ಡಕ್ಕನ ಮಾತಿಲ್ಲದೆ ದಿನ ಗೊತ್ತು ಮಾಡುವುದು ಬೇಡ ಎಂದರು ಅವನ ಅಪ್ಪ. ಅವನ ತಾಯಿ ತಂದಿದ್ದ ಬೆಲ್ಲದನ್ನದ ಮೇಲೆ ಮತ್ತೆ ಬಾಳೆಲೆ ಮುಚ್ಚುವ ಸದ್ದು ಕೇಳಿಸಿತು.

ಯಾಕೆ ಹಾಗೆ ಮಾಡಿದೆ ಎಂದು ಬರೆಯಲು ಮೂರು ಹಾಳೆ ಹರಿದೆ. ಹೊಟ್ಟೆಕಿಚ್ಚು, ಹೋವಿ. ನನಗೆ ನಲವತ್ತೊಂದು ವರ್ಷವಾಯಿತು, ತಟ್ಟೆ ಹಿಡಿದುಕೊಂಡು ನಮ್ಮ ಮೆಟ್ಟಿಲನ್ನು ನನಗಾಗಿ ಯಾರೂ ಹತ್ತಲಿಲ್ಲ.

ಫೌಸ್ಟೊ ಕೂಡ ಹತ್ತುತ್ತಿರಲಿಲ್ಲ. ನಿನಗೆ ಕಡಿಮೆ ಅಂಕ ಬಂದಾಗಲೆಲ್ಲ “ನಿನ್ನ ಓದಿಗೋಸ್ಕರ ಫೌಸ್ಟೊನ ಬೇಡ ಅಂದೆ ಕಣೇ” ಎನ್ನುತ್ತಿದ್ದೆನಲ್ಲ, ಅದು ಸುಳ್ಳು. ಅವನು ಕೇಳಿಯೇ ಇರಲಿಲ್ಲ. ಎರಡು ಭಾನುವಾರ ಇಲ್ಲಿನ ದೋಣಿಕಟ್ಟೆಯಲ್ಲಿ ನನ್ನ ಪಕ್ಕ ಕೂತು ಕಡಲೆಕಾಯಿ ತಿಂದ. ಮೂರನೆಯ ಭಾನುವಾರ ಒಬ್ಬ ಹುಡುಗಿಯನ್ನು ಕರೆತಂದು, ನಮ್ಮ ಮದುವೆಗೆ ಸಾಕ್ಷಿಯಾಗಿ ನಿಲ್ಲುತ್ತೀಯಾ ಎಂದು ಕೇಳಿದ. ನಿಂತೆ. ಫೋಟೊದಲ್ಲಿ ನಗುತ್ತಲೂ ಇದ್ದೇನೆ. ಊರಿಗೆ ಹೇಳಲು ಒಂದು ಕತೆ ಬೇಕಿತ್ತು, ಅದಕ್ಕೆ ನಿನ್ನನ್ನು ಬಳಸಿಕೊಂಡೆ. ಯಾರಿಗೂ ಬೇಡವಾದವಳು ಅನ್ನಿಸಿಕೊಳ್ಳುವುದಕ್ಕಿಂತ ತ್ಯಾಗಮಯಿ ಅನ್ನಿಸಿಕೊಳ್ಳುವುದು ಸುಖವಾಗಿತ್ತು.

ಆ ಸುಳ್ಳಿನ ಭಾರ ಹತ್ತು ವರ್ಷ ಹೊತ್ತವಳು ನೀನು. ಅದಕ್ಕೇ ತಾನೆ ಅಂದು ಸಂಜೆ ನಿನ್ನ ಮೆಸೇಜು ಬಂದದ್ದು: “ಅಕ್ಕ, ಬೇಜಾರಾಗ್ಬೇಡ. ನೀನು ಊರಿಗೆ ಬರೋವರೆಗೂ ನಾನು ಮದುವೆ ಮಾತೆತ್ತಲ್ಲ. ನಿಂಗೆ ನಾನು ಅಷ್ಟಾದ್ರೂ ಮಾಡ್ಬೇಡ್ವಾ?” ಧಣಿಗಳ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಅದನ್ನು ಓದಿದೆ. ನನಗೆ ಅಳುವ ಹಕ್ಕೂ ಇರಲಿಲ್ಲ, ಆದರೂ ಅತ್ತೆ.

ನನಗೆ ನೀನು ಏನೂ ಮಾಡಬೇಕಿಲ್ಲ. ನಿನ್ನನ್ನು ಓದಿಸಿದ್ದು ನನಗೆ ಇಷ್ಟವಿದ್ದದ್ದಕ್ಕೆ. ಅದೊಂದು ಮಾತ್ರ ನಿಜ. ನೀನು ಕಾಯಬೇಡ. ಈ ಭಾನುವಾರ ಅವರನ್ನು ಮತ್ತೆ ಕರೆಸು. ನಾಚಿಕೆ ನನ್ನದು, ನೀನು ತಲೆ ತಗ್ಗಿಸಬೇಡ. ಫೌಸ್ಟೊನ ವಿಷಯ ಅಮ್ಮನಿಗೆ ನಾನೇ ಹೇಳುತ್ತೇನೆ.

ನನ್ನನ್ನು ಅದೇ ಬಾಟಲಿಗೆ ಒರಗಿಸಿಡು. ಆರ್ನೆಲ್ ಇನ್ನೊಂದು ಸಲ ಹಣೆ ಒತ್ತಲಿ. ಹಿಂದೆ ಹುಡುಗಿಯರು ಕುಣಿಯುತ್ತಲೇ ಇರುತ್ತಾರೆ, ಆ ಗಲಾಟೆಯಲ್ಲೂ ಮೂಲೆಯಲ್ಲಿ ಕೂತ ಚಿಕ್ಕಪ್ಪನಿಗೆ ಕೇಳಿಸುವಷ್ಟು ಜೋರಾಗಿ ನಾನು ಹೂಂ ಅನ್ನುತ್ತೇನೆ. ಅಕಸ್ಮಾತ್ ನನ್ನ ಮುಖ ಮತ್ತೆ ಅಲುಗದೆ ನಿಂತರೆ, ನೆಟ್ ಹೋಯಿತು ಎಂದು ಮುಚ್ಚಿಹಾಕಬೇಡ. ಅಕ್ಕ ಬೇಕೆಂದೇ ಸುಮ್ಮನಿದ್ದಾಳೆ ಎಂದು ಎಲ್ಲರೆದುರು ಹೇಳಿ, ಈ ಕಾಗದವನ್ನು ಅವನ ಅಪ್ಪನ ಕೈಗೆ ಕೊಟ್ಟುಬಿಡು. ನನ್ನ ಹೂಂ ಇದರಲ್ಲಿದೆ.

ಅಂದು ಆ ಹುಡುಗನ ಹಣೆಗೆ ಸಲ್ಲಬೇಕಿದ್ದುದನ್ನು ಇಲ್ಲಿ ಬರೆದಿದ್ದೇನೆ, ತಡವಾಯಿತೆಂದು ಬೇಡವೆನ್ನಬೇಡಿ: ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಮುಂದೆ ತಲೆ ತಗ್ಗಿಸಿರುವ
ಅಕ್ಕ, ಎರ್ಲಿಂಡಾ