ಯಾರೂ ಬಚ್ಚಿಡದ ಉಂಗುರ

ಕೋಲ್ಮನ್ ಸಾಹೇಬರೇ, ಸಲಾಂ.

ಯುದ್ಧಕ್ಕೆ ಮುಂಚೆ ಅಮ್ಮಾನ್ ಪಟ್ಟಣದ ಚಹಾದಂಗಡಿಯಲ್ಲಿ ನೀವು, "ಹಾಜಿ, ನಿಮ್ಮ ಇರಾಕಿನವರು ಅಣುಬಾಂಬ್ ಎಲ್ಲಿ ಬಚ್ಚಿಟ್ಟಿದಾರೆ?" ಅಂದಿರಿ. "ನನ್ನ ತಮ್ಮ ನಜೀಬನ ಖರ್ಜೂರದ ಪಾಕದ ಕಾರ್ಖಾನೇಲಿ! ಅಲ್ಲಿ ಡ್ರಮ್ಮು ಗಿರಗಿರ ತಿರುಗ್ತಾವಲ್ಲ, ಯುರೇನಿಯಂ ಸೋಸೋಕಲ್ದೆ ಮತ್ಯಾಕೆ ಅನ್ಕೊಂಡ್ರಿ?" ಅಂದೆ. ರಮಜಾನಿನಲ್ಲಿ ನಾವು ಮುಷ್ಟಿಯಲ್ಲಿ ಉಂಗುರ ಬಚ್ಚಿಟ್ಟು ಆಡುತ್ತೇವೆ. ಅದು ಯಾರ ಮುಷ್ಟಿಯಲ್ಲಿದೆ ಎಂದು ಎದುರಾಳಿ ನಮ್ಮ ಮುಖ ನೋಡಿಯೇ ಕಂಡುಹಿಡಿಯಬೇಕು. ನನ್ನ ಮುಖ ನೋಡಿ ಗುಟ್ಟು ಹಿಡಿದವರು ಯಾರೂ ಇಲ್ಲ; ಅಂದೂ ನಗದೆ ಅದೇ ಮುಖ ಇಟ್ಟಿದ್ದೆ. ನೀವೂ ನಗಲಿಲ್ಲ, ಬರೆದುಕೊಂಡಿರಿ.

ಈಗ ನಮ್ಮ ದೇಶಕ್ಕೆ ನುಗ್ಗಿದ ನಿಮ್ಮ ಸೈನಿಕರು ನಜೀಬನನ್ನು ಹಿಡಿದೊಯ್ದಿದ್ದಾರೆ. ತಮಾಷೆಗೆ ಹೇಳಿದ್ದು ಎಂದರೆ, "ತಮ್ಮನ್ನ ಉಳಿಸೋಕೆ ಈಗ ಸುಳ್ಳು ಬಿಡ್ತೀಯಾ, ಮುದುಕಾ?" ಅನ್ನುತ್ತಾರೆ.

ಪಾಕ ಕಾಯಿಸುವವನಿಗೇ ಸಕ್ಕರೆ ಕಾಯಿಲೆ. ಈ ಪತ್ರದ ಜೊತೆಗಿಟ್ಟ ಇನ್ಸುಲಿನ್ ಅವನಿಗೆ ತಲುಪಿಸಿ. ಆಟದಲ್ಲಿ ಉಂಗುರ ಸಿಗುವವರೆಗೂ ಮುಷ್ಟಿ ಬಿಚ್ಚಿಸುತ್ತಾರೆ. ಅವನ ಬೆರಳು ಮುರಿಯಬೇಡಿ. ಈ ಸಲ ಉಂಗುರವನ್ನು ಯಾರೂ ಬಚ್ಚಿಟ್ಟೇ ಇಲ್ಲ.

ತಮಾಷೆ ಬಿಟ್ಟ ಮುದುಕ,
ಹಾಜಿ ಶಾಕಿರ್