ಮೊಸರನ್ನದ ಕೊನೆಗೆ ಮೀನು

ಗೋರೆಗಾಂವ್, ಮುಂಬಯಿ
೯ ಫೆಬ್ರವರಿ ೨೦೨೫

ಪ್ರೀತಿಯ ಅಮ್ಮನಿಗೆ,

ನಿಶ್ಮಿತಾಳ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ದೀಪಾವಳಿ ಮುಗಿಯಲಿ, ಬರೆಯುತ್ತೇನೆ ಎಂದವಳು ಶಿವರಾತ್ರಿ ಹತ್ತಿರ ಬಂದರೂ ಬರೆದಿಲ್ಲ. ಬೇಸರ ಮಾಡಿಕೊಳ್ಳಬೇಡ. ಹಾಳೆ ತೆಗೆದು ಕೂತದ್ದು ಎಷ್ಟೋ ಸಲ. ಕ್ಷೇಮ ಸಮಾಚಾರ ಬರೆದಾದ ಮೇಲೆ ಪೆನ್ನು ಮುಂದೆ ಹೋಗುವುದಿಲ್ಲ, ಮಡಚಿ ಇಡುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನಿನ್ನ ಕಿವಿಗೆ ಕೇಳಬೇಕಾದರೆ ನಾನು ಕೂಗಬೇಕು. ಒಂದು ರೂಮು, ಒಂದು ಅಡುಗೆಮನೆ ಇರುವ ಈ ಮನೆಯಲ್ಲಿ ಕೂಗಿದರೆ ರೋಶನ್‌ಗೂ ಕೇಳುತ್ತದೆ, ಪಕ್ಕದ ಮನೆಯವರಿಗೂ ಕೇಳುತ್ತದೆ. ನೀನೂ ಆ ಕಡೆಯಿಂದ ಕೂಗಿಯೇ ಉತ್ತರ ಕೊಡುತ್ತೀ. ಇದು ಕೂಗಿ ಕೇಳುವ ವಿಷಯ ಅಲ್ಲ. ಕಾಗದವನ್ನು ಅತ್ತಿಗೆಯ ಕೈಯಲ್ಲಿ ಓದಿಸಬೇಡ, ಕನ್ನಡಕ ಹಾಕಿಕೊಂಡು ನಿಧಾನವಾಗಿ ನೀನೇ ಓದು.

ಇವರು ಎಂದಿನಂತೆ ಬೆಳಿಗ್ಗೆ ಲೋಕಲ್ ಹಿಡಿದು ಗ್ರಾಂಟ್ ರೋಡಿನ ಹೋಟೆಲಿಗೆ ಹೋದರೆ ನಾವು ಮಲಗುವ ಹೊತ್ತಿಗೆ ಬರುತ್ತಾರೆ. ಈಗ ಅಲ್ಲಿ ಕೌಂಟರಿನಲ್ಲಿ ಕೂರುವುದರಿಂದ ಕಾಲುನೋವು ಕಡಿಮೆ. ರೋಶನ್‌ಗೆ ಮುಂದಿನ ತಿಂಗಳು ಪರೀಕ್ಷೆ. ಹುಡುಗ ಎತ್ತರ ಆಗಿದ್ದಾನೆ, ಹೋದ ವರ್ಷದ ಯೂನಿಫಾರ್ಮ್ ಪ್ಯಾಂಟಿನ ಅಂಚು ಬಿಚ್ಚಿದರೂ ಸಾಲುತ್ತಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಜಲಜಕ್ಕ ಬಂದಿದ್ದರು, ವೈಶಾಲಿಯ ತಾಯಿ. ಅಂಧೇರಿಯಲ್ಲಿ ಅವರ ಕಡೆಯ ಒಂದು ಮದುವೆ ಇತ್ತು. ಮೊಮ್ಮಗನನ್ನು ನೋಡಿಕೊಂಡು ಹೋಗುತ್ತೇನೆ ಎಂದು ಇವರಿಗೆ ಫೋನ್ ಮಾಡಿದರಂತೆ. ನಾನು ಈ ಮನೆ ಸೇರಿದ ಮೇಲೆ ಅವರು ಇಲ್ಲಿ ಕಾಲಿಟ್ಟದ್ದು ಅದೇ ಮೊದಲು. ತನ್ನ ಮಗಳು ಬಾಳಿದ ಮನೆಯಲ್ಲಿ ಇನ್ನೊಬ್ಬಳು ಕೈಗೆ ನೀರು ಕೊಡುವುದನ್ನು ನೋಡಲು ಯಾವ ತಾಯಿಗೆ ಮನಸ್ಸು ಬಂದೀತು? ನನಗೂ ಹೆದರಿಕೆ ಇತ್ತು. ಬೆಳಿಗ್ಗೆಯೇ ಮಾರ್ಕೆಟಿಗೆ ಹೋಗಿ ಒಳ್ಳೆಯ ಬಂಗುಡೆ ಮೀನು ತಂದೆ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಂಗುಡೆಗೆ ಮಸಾಲೆ ಹಚ್ಚಿ ಫ್ರೈ.

ಅವರು ಒಳ್ಳೆಯವರು ಅಮ್ಮ. ಬಂದವರೇ ರೋಶನ್‌ನ ಮುಖ ಹಿಡಿದು ನೋಡಿದರು. ಮೂಗು ಅಪ್ಪನದ್ದು, ಹಣೆ ಅಪ್ಪನದ್ದು ಎಂದರು. ಮಗಳದ್ದು ಏನಾದರೂ ಸಿಗುತ್ತದೋ ಎಂದು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು. ಏನೂ ಸಿಗಲಿಲ್ಲವೇನೋ, ಕೆನ್ನೆ ಸವರಿ ಬಿಟ್ಟರು.

ಅಜ್ಜಿ, ಮೊಮ್ಮಗ ಇಬ್ಬರನ್ನೂ ಕೂರಿಸಿ ಬಡಿಸಿದೆ. ರೋಶನ್ ಊಟ ಮಾಡುವ ರೀತಿ ನಿನಗೆ ಗೊತ್ತಿಲ್ಲ, ನೀನು ಬಂದಾಗ ಅವನು ಇನ್ನೂ ಚಿಕ್ಕವನು. ಸಾರನ್ನ ಉಂಡು ಮುಗಿಸುತ್ತಾನೆ, ಮೀನನ್ನು ಮುಟ್ಟುವುದಿಲ್ಲ. ತಟ್ಟೆಯ ಅಂಚಿಗೆ ಸರಿಸಿ ಇಟ್ಟುಕೊಳ್ಳುತ್ತಾನೆ. ಆಮೇಲೆ ಮೊಸರನ್ನ ಕಲಸಿಕೊಂಡು ಅದರ ಜೊತೆ ಮೀನನ್ನು ಚೂರು ಚೂರೇ ಮುರಿದು ತಿನ್ನುತ್ತಾನೆ. ಅವತ್ತೂ ಹಾಗೆಯೇ ತಿಂದ. ಜಲಜಕ್ಕನ ಕೈ ತಟ್ಟೆಯಲ್ಲೇ ನಿಂತಿತು.

"ಉಂದು ನಮ್ಮ ವೈಶಾಲಿನ ಒಣಸ್," ಎಂದರು. ಇದು ನಮ್ಮ ವೈಶಾಲಿಯ ಊಟ. ಮತ್ತೆ ನನ್ನ ಕಡೆ ತಿರುಗಿ, "ಮೊಸರಿನೊಟ್ಟಿಗೆ ಮೀನು ತಿನ್ಬೇಡ, ಮೈಗೆ ಆಗುದಿಲ್ಲ ಅಂತ ನಾನು ಎಷ್ಟು ಬೈದಿದ್ದೇನೆ ಗೊತ್ತುಂಟಾ? ಕೇಳ್ತಲೇ ಇರ್ಲಿಲ್ಲ. ಮದುವೆ ದಿನ ಸಹ ಬೈದಿದ್ದೆ, ಗಂಡನ ಮನೇಲಿ ಹೀಗೆ ಮಾಡ್ಬೇಡ ಅಂತ," ಎಂದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಶಬ್ದವೇ ಇಲ್ಲದ ಅಳು.

ರೋಶನ್ ಗಾಬರಿಯಾದ. "ಅಜ್ಜಿ, ಕ್ಯಾ ಹುವಾ? ಖಾರ ಆಯ್ತಾ?" ಎಂದು ಕೇಳಿದ.

"ಇಲ್ಲ ಮಗಾ. ನಿನ್ನ ಅಮ್ಮ ಹೀಗೇ ತಿಂತಾ ಇದ್ಲು."

ಅವನು ನನ್ನನ್ನು ನೋಡಿದ. ಗೋಡೆಯ ಮೇಲಿನ ವೈಶಾಲಿಯನ್ನು ಅವನು ಫೋಟೋ ಮಮ್ಮಿ ಎಂದು ಕರೆಯುತ್ತಾನೆ, ಅಮ್ಮ ಎಂದರೆ ಅವನಿಗೆ ನಾನು. ಹಾಗಾಗಿ, "ಹೌದಲ್ಲ, ಅಮ್ಮ ಹೀಗೇ ತಿಂತಾಳೆ" ಎಂದು ಸಹಜವಾಗಿ ಹೇಳಿಬಿಟ್ಟ.

ಏಕೆಂದರೆ ಅದು ನಿಜ ಅಮ್ಮ. ನಾನೂ ಹಾಗೆಯೇ ತಿನ್ನುವುದು.

ಜಲಜಕ್ಕನಿಗೆ ಅವನ ಮಾತು ಬೇರೆಯೇ ಕೇಳಿಸಿತು. "ನೋಡು, ಮಗುವಿಗೆ ನೆನಪುಂಟು," ಎಂದರು. ಆ ಮುಖದಲ್ಲಿ ಬಂದ ಬೆಳಕನ್ನು ನೀನು ನೋಡಬೇಕಿತ್ತು. ವೈಶಾಲಿ ಹೋದಾಗ ಅವನಿಗೆ ಇನ್ನೂ ಎರಡು ತುಂಬಿರಲಿಲ್ಲ. ಅವನಿಗೆ ಏನು ನೆನಪಿರಲು ಸಾಧ್ಯ? ನಾನು ತಿದ್ದಲಿಲ್ಲ. ಅನ್ನದ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋದೆ. ಆಮೇಲೆ ನಾನು ಊಟಕ್ಕೆ ಕೂತಾಗ ಅವರು ಎದುರಿಗೇ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಾನು ಮೀನನ್ನು ಮೊದಲೇ ತಿಂದು ಮುಗಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ಗೊತ್ತಿಲ್ಲ. ಕೈ ತಾನಾಗಿ ಮಾಡಿತು.

ಅವರು ಹೋದ ಮೇಲೆ ಕೂತು ಯೋಚಿಸಿದೆ. ಮೊದಲು ಸುಲಭ ಅನಿಸಿತು: ನಾನು ಹೀಗೆ ತಿನ್ನುತ್ತೇನೆ, ಮಗು ನನ್ನ ನೋಡಿ ಕಲಿತಿದೆ, ಅಷ್ಟೆ. ಆದರೆ ನಾನು ಬಂದ ಹೊಸತರಲ್ಲಿ ಅವನು ಊಟವನ್ನೇ ಮಾಡುತ್ತಿರಲಿಲ್ಲ, ನೆನಪಿದೆಯಾ? ನಿನಗೆ ಫೋನ್ ಮಾಡಿ ಅತ್ತಿದ್ದೆ. "ಅವನಿಗೆ ಬೇರೆ ಬಟ್ಟಲು ಬೇಡ, ನಿನ್ನ ತಟ್ಟೆಯಿಂದಲೇ ಕೊಡು, ಹೇಗೆ ಬೇಕಾದರೂ ತಿನ್ನಲಿ," ಎಂದು ನೀನೇ ಹೇಳಿಕೊಟ್ಟದ್ದು. ಒಂದೇ ತಟ್ಟೆಯಲ್ಲಿ ವರ್ಷಗಟ್ಟಲೆ ಉಂಡೆವು. ಅವನು ಮೀನನ್ನು ದೂಡಿದರೆ ನಾನು ಅಂಚಿಗೆ ಇಡುತ್ತಿದ್ದೆ. ಕೊನೆಗೆ ಮೊಸರನ್ನದ ಜೊತೆ ಬಾಯಿ ತೆರೆದರೆ ಕೊಡುತ್ತಿದ್ದೆ. ಅಥವಾ ನಾನೇ ಅಂಚಿಗೆ ಇಡುತ್ತಿದ್ದೆನೋ, ಅವನು ನೋಡುತ್ತಿದ್ದನೋ. ಯಾರು ಮೊದಲು? ಎಷ್ಟು ನೆನಪಿಸಿಕೊಂಡರೂ ತಟ್ಟೆ ಕಾಣಿಸುತ್ತದೆ, ಎರಡು ಕೈ ಕಾಣಿಸುತ್ತದೆ, ಯಾವ ಕೈ ಮೊದಲು ಎಂದು ಕಾಣಿಸುವುದಿಲ್ಲ.

ಇವರನ್ನು ಕೇಳಿದೆ. "ವೈಶಾಲಿ ಮೀನು ಹೇಗೆ ತಿನ್ನುತ್ತಿದ್ದಳು?"

ಶರ್ಟ್ ಬಿಚ್ಚುತ್ತಿದ್ದವರು ಹಾಗೇ ನಿಂತರು. "ನಂಗೆ ಹೇಗೆ ಗೊತ್ತು? ನಾನು ಊಟ ಮಾಡುದು ಹೋಟೆಲಲ್ಲಿ ಅಲ್ವಾ."

"ನಾನು ಹೇಗೆ ತಿನ್ನುತ್ತೇನೆ, ಅದು ಗೊತ್ತುಂಟಾ?"

"ಎಂತ ಮಾರಾಯ್ತಿ ಈಗ? ಎಲ್ಲರೂ ತಿನ್ನುವ ಹಾಗೆ ತಿಂತಿ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಹತ್ತಿರ ಬಂದು ಕೂತರು. ಇಬ್ಬರನ್ನು ಮದುವೆಯಾದೆ, ಒಬ್ಬಳ ಊಟವನ್ನೂ ನೋಡಲಿಲ್ಲ ನಾನು, ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಪಾಪ ಎನಿಸಿತು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಇನ್ನು ಯಾರನ್ನು ಕೇಳಲಿ? ಮದುವೆಗೆ ಮೊದಲು, ನಿನ್ನ ಅಡುಗೆಮನೆಯಲ್ಲಿ, ನಾನು ಮೀನನ್ನು ಯಾವಾಗ ತಿನ್ನುತ್ತಿದ್ದೆ? ಮೀನಿನ ವಿಷಯಕ್ಕೆ ನೀನು ನನಗೆ ಬೈದದ್ದು ನೆನಪಿದೆ, ಸಟ್ಟುಗ ಎತ್ತಿದ್ದೂ ನೆನಪಿದೆ. ಆದರೆ ಮೊಸರಿನ ಜೊತೆ ತಿಂದದ್ದಕ್ಕೋ, ಸದಾನಂದಣ್ಣನ ತಟ್ಟೆಯಿಂದ ಎತ್ತಿಕೊಂಡದ್ದಕ್ಕೋ? ನೀನು ಹೇಗೆ ಊಟ ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ನೀನು ಬಡಿಸುವುದು ಮಾತ್ರ ಕಣ್ಣಿಗೆ ಬಂತು.

ಹಾಗೆ ತಿನ್ನುತ್ತಿದ್ದೆ ಎಂದು ನೀನು ಬರೆದರೆ, ಅದು ನನ್ನಿಂದಲೇ ಅವನಿಗೆ ಹೋದದ್ದು, ಜಲಜಕ್ಕ ಊರಿಗೆ ಒಯ್ದ ಸಂತೋಷ ಸುಳ್ಳು. ಇಲ್ಲ ಎಂದು ಬರೆದರೆ, ನಾನು ಒಮ್ಮೆಯೂ ಕಾಣದ ಹೆಂಗಸಿನ ಊಟವನ್ನು ಇಷ್ಟು ವರ್ಷ ಉಂಡಿದ್ದೇನೆ, ಅದನ್ನು ಅವಳ ಮಗ ನನಗೆ ಕಲಿಸಿದ್ದಾನೆ. ಯಾವುದು ಆಗಬೇಕು ಎಂದು ನನ್ನನ್ನು ಕೇಳಿದರೆ ಬೆಳಿಗ್ಗೆ ಒಂದು ಹೇಳುತ್ತೇನೆ, ಸಂಜೆ ಇನ್ನೊಂದು.

ಇನ್ನೂ ಒಂದಿದೆ. ಆ ದಿನದಿಂದ ರೋಶನ್ ಜಲಜಕ್ಕನಿಗೆ ದಿನಾ ಫೋನ್ ಮಾಡುತ್ತಾನೆ. ಶಾಲೆಯಿಂದ ಬಂದು ಚೀಲ ಇಟ್ಟವನೇ ನನ್ನ ಫೋನ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗುತ್ತಾನೆ. "ಅಜ್ಜಿ, ಮಮ್ಮಿಗೆ ಬೆಂಡೆಕಾಯಿ ಪಸಂದ್ ಇತ್ತಾ? ಪತ್ರೊಡೆ?" ಎಂದು ಕೇಳುತ್ತಾನೆ. ಅವಳಿಗೆ ಬೆಂಡೆಕಾಯಿ ಆಗುತ್ತಿರಲಿಲ್ಲವಂತೆ. ಬೆಂಡೆಕಾಯಿ ಪಲ್ಯ ಮಾಡಿದರೆ ಪಾತ್ರೆ ಕೆರೆಯುತ್ತಿದ್ದ ಹುಡುಗ ಈಗ ಮುಟ್ಟುವುದಿಲ್ಲ. ಅವಳು ಚಹಾಕ್ಕೆ ಬೆಲ್ಲ ಹಾಕುತ್ತಿದ್ದಳಂತೆ, ಇವನಿಗೂ ಈಗ ಹಾಲಿಗೆ ಬೆಲ್ಲ ಬೇಕು. ಕೇಳಿದ್ದನ್ನೆಲ್ಲ ಮಾಡಿಕೊಡುತ್ತಿದ್ದೇನೆ. ಹೆತ್ತವಳನ್ನು ತಿಳಿಯಬೇಕು ಎನ್ನುವ ಮಗುವನ್ನು ತಡೆಯುವುದು ಹೇಗೆ? ತಡೆಯಬಾರದು ಎಂದೂ ಗೊತ್ತು. ಆದರೆ ಉಳಿದ ಬೆಂಡೆಕಾಯಿಯನ್ನು ಒಬ್ಬಳೇ ತಿನ್ನುವಾಗ ನಾನು ಯಾರ ಮೇಲೆ ಮುನಿಸಿಕೊಂಡಿದ್ದೇನೆ ಎಂದೇ ತಿಳಿಯುವುದಿಲ್ಲ. ಸತ್ತವಳ ಮೇಲೆ ಮುನಿಸಿಕೊಳ್ಳುತ್ತಾರಾ ಯಾರಾದರೂ?

ಮೇ ರಜೆಗೆ ಅವನನ್ನು ಊರಿಗೆ ಕಳಿಸಿ ಎಂದು ಜಲಜಕ್ಕ ಕೇಳಿದ್ದಾರೆ. ಇವರು ಒಪ್ಪಿದ್ದಾರೆ. ನಾನೂ ತಲೆ ಆಡಿಸಿದ್ದೇನೆ.

ಸದಾನಂದಣ್ಣನಿಗೂ ಅತ್ತಿಗೆಗೂ ನಮಸ್ಕಾರ ತಿಳಿಸು. ಯಕ್ಷಿತಾಳಿಗೆ ನನ್ನ ಆಶೀರ್ವಾದ, ಚೆನ್ನಾಗಿ ಓದಲು ಹೇಳು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ, ಅದರಲ್ಲೂ ಆ ಹುಡುಗನ ಮೇಲೆ.

ನಿನ್ನ ಮಗಳು,
ನಿಶ್ಮಿತಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಇಬ್ಬರೇ ಊಟಕ್ಕೆ ಕೂತಿದ್ದೆವು. ನನಗೆ ಅಭ್ಯಾಸ, ಮೀನನ್ನು ಅಂಚಿಗೆ ಸರಿಸಿದೆ. ಅವನು ಕೈ ಚಾಚಿ ಆ ಮೀನನ್ನು ಮತ್ತೆ ನನ್ನ ಸಾರನ್ನದ ಮೇಲೆ ಇಟ್ಟ. ಸಿಟ್ಟಿನಲ್ಲಿ ಅಲ್ಲ, ಮೆಲ್ಲಗೆ. "ನೀನು ಹಾಗೆ ತಿನ್ಬೇಡ," ಎಂದ. "ಅದು ಅಮ್ಮಂದು." ಸರಿ ಎಂದು ತಿಂದೆ. ಮತ್ತೆ ಅವನು ನೀರು ಕೇಳಿದ, ಮೊಸರು ಕೇಳಿದ, ಶಾಲೆಯ ವಿಷಯ ಹೇಳಿದ, ಸಂಜೆಯವರೆಗೂ ನನ್ನ ಹಿಂದೆಯೇ ಇದ್ದ. ಯಾವ ಮಾತಿಗೂ ನನ್ನನ್ನು ಏನೆಂದೂ ಕರೆಯಲಿಲ್ಲ.