ಮೇಲೇಳದ ಕೈ

ಅಮ್ಮಾ,

ನೀನು ತೀರಿಹೋದ ಮೇಲೆ ಮೊದಲ ಸಲ ಕನಸಿಗೆ ಬಂದೆ. ಎರಡೂ ಕೈಯೆತ್ತಿ ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಸುತ್ತಿದ್ದೆ. ನಾನು ಹೆದರಿ ಎದ್ದು ಕೂತೆ. ನಿನ್ನ ಒಂದು ಕೈ ಭುಜದಿಂದ ಮೇಲೆ ಏಳುತ್ತಲೇ ಇರಲಿಲ್ಲವಲ್ಲ.

ಹೊಡೆದಾಟದ ವಿಡಿಯೋ ಗೇಮಿಗೆ ನಾನು ಹೆಣೆದ ಮುದುಕಿಯ ಪಟ್ಟುಗಳನ್ನು ಇವತ್ತು ಕಂಪನಿಯ ಯಜಮಾನರು ನೋಡಿದರು. "ಏನಮ್ಮಾ ಇದು, ಒದೆ ಒಬ್ಬಳದು, ಗುದ್ದು ಇನ್ನೊಬ್ಬಳದು?" ಅಂದರು. ಓದು ಅರ್ಧಕ್ಕೆ ಬಿಟ್ಟವಳು, ಕೆಲಸ ಹೋಯಿತು ಅಂದುಕೊಂಡೆ. ಆಮೇಲೆ ಆ ಮುದುಕಿಗೆ ನಿನ್ನ ಭುಜದ ನೋವು ಕೊಟ್ಟೆ. ಕೈ ಮೇಲೇಳದ್ದರಿಂದ ಸೊಂಟ ತಿರುಗಿಸಿ ಮೊಣಕೈಯಲ್ಲಿ ತಿವಿಯುತ್ತಾಳೆ, ನೀನು ಬಾಗಿಲು ನೂಕುತ್ತಿದ್ದ ಹಾಗೆ. ಪಟ್ಟುಗಳೆಲ್ಲ ಒಂದೇ ಮೈಯವಾದವು.

"ಈಗ ಜೀವ ಬಂತು ನೋಡು. ನೋವು ಯಾವ ಭುಜಕ್ಕೆ?" ಅಂದರು ಯಜಮಾನರು.

ದಿನಾ ನಿನ್ನಿಂದ ತಲೆ ಬಾಚಿಸಿಕೊಂಡವಳಿಗೂ ನೆನಪಾಗಲಿಲ್ಲ, "ಎಡಕ್ಕೆ" ಅಂದುಬಿಟ್ಟೆ. ಆಟದಲ್ಲಿ ಮುದುಕಿ ಪರದೆಯ ಈ ಪಕ್ಕದಿಂದ ಆ ಪಕ್ಕಕ್ಕೆ ಹೋದರೆ ಅವಳ ಬೊಂಬೆ ಕನ್ನಡಿಯಲ್ಲಿನ ಹಾಗೆ ತಿರುಗುತ್ತದೆ, ನೋವೂ ಇನ್ನೊಂದು ಭುಜಕ್ಕೆ ಹೋಗುತ್ತದೆ. ನಾನು ಹೇಳಿದ್ದು ತಪ್ಪಿದ್ದರೂ ಅರ್ಧ ಹೊತ್ತಾದರೂ ಸರಿಯಿರುತ್ತದೆ. ಆದರೂ ಒಂದು ಸಲ ಮುಟ್ಟಿ ನೋಡಿಕೊಂಡು ಹೇಳಮ್ಮ, ಎಡವೇನಾ?